ಬಸ್ಸಿನ ಖರ್ಚು ಯಾರ ಹೊಣೆ?

‘ಸಾರಿಗೆ’ ಎಂಬ ಮಾತಿನಲ್ಲಿ ‘ಸಾರು’ ಎಂಬ ಧಾತುವಿದೆ. ಸಾರುವುದೆಂದರೆ ಹತ್ತಿರಕ್ಕೆ ಬರುವುದು. ಕಮಲಾಪುರಕ್ಕೂ ಕಲಬುರಗಿಗೂ ನಡುವೆ ಸುಮಾರು 35 ಕಿಲೋಮೀಟರು. ಬಸ್ಸು ಹೊತ್ತಿಗೆ ಸರಿಯಾಗಿ ಬಂದ ದಿನ ಅದು ನೆರೆಯೂರು; ಬಾರದ ದಿನ ಬಲು ದೂರ. ಕೆಂಪು ಬಾಳೆ ಮಾರಲು ಹೊರಟ ರೈತನಿಗೂ ಕಾಲೇಜಿಗೆ ಬರುವ ಹುಡುಗಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಮ್ಮ ಸೀಮೆಗೆ ಸರಕಾರಿ ಬಸ್ಸು ಹೊಸದಲ್ಲ. ಕಲಬುರಗಿಯು ಹೈದರಾಬಾದು ಸಂಸ್ಥಾನಕ್ಕೆ ಸೇರಿದ್ದಾಗ, 1932ರಲ್ಲಿ, ನಿಜಾಮರ ರೈಲ್ವೆಯೇ 27 ಬಸ್ಸುಗಳೊಡನೆ ರಸ್ತೆ ಸಾರಿಗೆಯನ್ನು ಆರಂಭಿಸಿತು. 2000ದಲ್ಲಿ ಕಲಬುರಗಿಯನ್ನು ಕೇಂದ್ರವಾಗಿಟ್ಟುಕೊಂಡು ಪ್ರತ್ಯೇಕ ಸಾರಿಗೆ ಸಂಸ್ಥೆ ಹುಟ್ಟಿತು. 2021ರಲ್ಲಿ ಅದಕ್ಕೆ ಕಲ್ಯಾಣ ಕರ್ನಾಟಕ ರಸ್ತೆ ಸಾರಿಗೆ ನಿಗಮವೆಂದು ಹೆಸರಾಯಿತು. 2017ರಲ್ಲಿ ತೆರೆದ ಬೀದರ್ ರೈಲು ಮಾರ್ಗವೂ ಕಮಲಾಪುರವನ್ನು ಮುಟ್ಟಿಯೇ ಹೋಗುತ್ತದೆ.

2023ರ ಜೂನ್ 11ರಿಂದ ‘ಶಕ್ತಿ’ ಯೋಜನೆಯಂತೆ ರಾಜ್ಯದ ಹೆಣ್ಣುಮಕ್ಕಳು ಸಾಮಾನ್ಯ ಬಸ್ಸುಗಳಲ್ಲಿ ಹಣ ಕೊಡದೆ ಪ್ರಯಾಣ ಮಾಡುತ್ತಿದ್ದಾರೆ. ಹಣ ಕೊಡದೆ ಎಂದರೆ ಖರ್ಚಿಲ್ಲದೆ ಎಂದಲ್ಲ. ಕಂಡಕ್ಟರು ಹರಿದುಕೊಡುವ ಶೂನ್ಯ ಟಿಕೇಟಿನ ಮೊಬಲಗನ್ನು ಸರಕಾರ ನಿಗಮಕ್ಕೆ ತುಂಬಿಕೊಡಬೇಕು. ಅದು ತಡವಾದಷ್ಟೂ ಡೀಸೆಲ್ಲು, ಟೈರು, ಸಂಬಳಗಳಿಗೆ ತೊಡಕು. 2025ರ ಜನವರಿಯಲ್ಲಿ ಬಸ್ ದರ ಶೇಕಡಾ 15ರಷ್ಟು ಏರಿತು. ಅದೇ ವರ್ಷ ಆಗಸ್ಟ್ 5ರಂದು ವೇತನದ ಬಾಕಿ ಕೇಳಿ ನೌಕರರು ಮುಷ್ಕರ ಹೂಡಿದರು. ಅಂದು ಬಸ್‌ನಿಲ್ದಾಣಕ್ಕೆ ಬಂದವರಿಗೆ ಲೆಕ್ಕಪತ್ರದ ಬಿಕ್ಕಟ್ಟು ಕಣ್ಣಾರೆ ಕಂಡಿತು.

“ಬಸ್ಸು ನಷ್ಟದಲ್ಲಿ ಓಡಬಾರದು” ಎನ್ನುವ ಹಿರಿಯರಿದ್ದಾರೆ. ಆದರೆ ರಸ್ತೆಯಿಂದ ಲಾಭವೆಷ್ಟು ಬಂತೆಂದು ನಾವು ಕೇಳುವುದಿಲ್ಲ. ಸಾರ್ವಜನಿಕರ ಹಣದಲ್ಲಿ ಅದನ್ನು ಹಾಕಿಸುತ್ತೇವೆ. ಅದೇ ರಸ್ತೆಯಲ್ಲಿ ಒಬ್ಬೊಬ್ಬರನ್ನೇ ಹೊತ್ತ ಕಾರುಗಳು ಸಾಲುಗಟ್ಟಿದರೆ, ಐವತ್ತು ಮಂದಿಯ ಬಸ್ಸು ಅವುಗಳ ಹಿಂದೆ ಕಾಯುತ್ತ ನಿಲ್ಲಬೇಕು. ಸಾಗಿಸಬೇಕಾದುದು ಜನರನ್ನು, ವಾಹನಗಳನ್ನಲ್ಲ ಎಂಬುದು 2006ರ ರಾಷ್ಟ್ರೀಯ ನಗರ ಸಾರಿಗೆ ನೀತಿಯ ತಿರುಳು.

ಟಿಕೇಟು ಮಾಫಿಯಾದ ಮಾತ್ರಕ್ಕೆ ಕಾರಿನವರು ಬಸ್ಸು ಹತ್ತುವುದಿಲ್ಲ. ಅವರಿಗೆ ಬೇಕಾದುದು ನೆಚ್ಚಿಕೆ: ಹತ್ತು ಗಂಟೆಯ ಕಚೇರಿಗೆ ತಲಪಿಸುವ ಬಸ್ಸು, ರಾತ್ರಿ ಮನೆಗೆ ಮರಳಿಸುವ ಬಸ್ಸು. ಆದ್ದರಿಂದ ಮೂರು ಕೆಲಸ ಆಗಬೇಕು. ‘ಶಕ್ತಿ’ಯ ಹಣ ಆಯಾ ತಿಂಗಳಲ್ಲೇ ನಿಗಮಕ್ಕೆ ಸಲ್ಲಬೇಕು. ಮೋಟಾರು ವಾಹನ ತೆರಿಗೆಯ ಒಂದು ಪಾಲನ್ನು ಹೊಸ ಬಸ್ಸುಗಳಿಗೆಂದೇ ತೆಗೆದಿರಿಸಬೇಕು. ಕಮಲಾಪುರದಂಥ ಊರುಗಳಲ್ಲಿ ಬಸ್ಸಿನ ವೇಳೆಯನ್ನು ರೈಲಿನ ವೇಳೆಗೂ ಶಾಲೆಯ ಗಂಟೆಗೂ ಹೊಂದಿಸಬೇಕು.

ಇಷ್ಟಾದ ಮೇಲೆ ನಮ್ಮ ಪಾಲಿನದೂ ಒಂದಿದೆ. ಮನೆಯ ಮುಂದೆ ಕಾರಿದ್ದವರು ವಾರಕ್ಕೊಂದು ದಿನವಾದರೂ ಬಸ್ಸಿನಲ್ಲಿ ಹೋಗಿಬರಲಿ. ಬಸ್ಸು ತಡವಾದರೆ ಗಟ್ಟಿಯಾಗಿ ಕೇಳಬಲ್ಲವರೂ ಆ ಸಾಲಿನಲ್ಲಿ ನಿಂತಿರಬೇಕು.