ಒಂದೇ ನಗರದ ನೆರೆಯೂ ನೀರಡಿಕೆಯೂ

(ಶಾಲಾ ವಾರ್ಷಿಕೋತ್ಸವದಲ್ಲಿ ಮುಖ್ಯೋಪಾಧ್ಯಾಯರು ಮಾಡಿದ ಭಾಷಣ)



ನಮ್ಮ ರಾಜ್ಯದ ರಾಜಧಾನಿಯಾದ ಚೆನ್ನೈ ನಗರವು ನಾಲ್ಕು ವರ್ಷಗಳ ಅಂತರದಲ್ಲಿ ಒಮ್ಮೆ ನೀರಿನಲ್ಲಿ ಮುಳುಗಿತು, ಒಮ್ಮೆ ನೀರಿಲ್ಲದೆ ಬಾಯಾರಿತು. ಈ ವಿಚಿತ್ರವನ್ನು ಕುರಿತು ನಾಲ್ಕು ಮಾತು ಹೇಳಬಯಸುವೆನು. ನಮ್ಮ ಹೊಸೂರೂ ದಿನೇ ದಿನೇ ನಗರವಾಗಿ ಬೆಳೆಯುತ್ತಿರುವುದರಿಂದ ಇದು ದೂರದ ಊರಿನ ಸುದ್ದಿಯಷ್ಟೇ ಅಲ್ಲ.

2015ರ ಡಿಸೆಂಬರ್ ತಿಂಗಳ ಆರಂಭದಲ್ಲಿ ಚೆನ್ನೈಗೆ ಹೊಂದಿಕೊಂಡ ತಾಂಬರಂನಲ್ಲಿ 24 ಗಂಟೆಗಳೊಳಗೆ 49 ಸೆಂಟಿಮೀಟರ್ ಮಳೆ ಸುರಿಯಿತು. ಆ ನಗರಕ್ಕೆ ವರ್ಷವಿಡೀ ಬೀಳುವ ಮಳೆ ಸುಮಾರು 140 ಸೆಂಟಿಮೀಟರ್. ಅದರ ಮೂರನೆಯ ಒಂದು ಪಾಲು ಒಂದೇ ದಿನದಲ್ಲಿ! ಅಡ್ಯಾರ್ ನದಿಯು ದಡ ಮೀರಿ ಮನೆಗಳನ್ನು ಹೊಕ್ಕಿತು. 2019ರ ಬೇಸಗೆಯಲ್ಲಿಯಾದರೋ ಪೂಂಡಿ, ಚೋಳವರಂ, ಪುಳಲ್, ಚೆಂಬರಂಬಾಕ್ಕಂ ಎಂಬ ನಾಲ್ಕು ಜಲಾಶಯಗಳೂ ಬಹುಮಟ್ಟಿಗೆ ಬತ್ತಿಹೋದವು. ತಾಯಂದಿರು ಕೊಡಗಳನ್ನು ಸಾಲಿಗಿಟ್ಟು ನೀರಿನ ಲಾರಿಯ ದಾರಿ ಕಾದರು. ಕೊನೆಗೆ ಜುಲೈ 12ರಂದು, 200 ಕಿಲೋಮೀಟರಿಗೂ ದೂರದ ಜೋಲಾರ್‌ಪೇಟೆಯಿಂದ 50 ವ್ಯಾಗನ್‌ಗಳಲ್ಲಿ 25 ಲಕ್ಷ ಲೀಟರ್ ನೀರು ರೈಲಿನಲ್ಲಿ ಹೋಯಿತು. ಅದು ಕಾವೇರಿಯ ನೀರು.

ಗಾಳಿಯ ಉಷ್ಣತೆ ಒಂದು ಡಿಗ್ರಿ ಸೆಲ್ಸಿಯಸ್ ಏರಿದರೆ ಅದು ಶೇಕಡ 7ರಷ್ಟು ಹೆಚ್ಚು ನೀರಾವಿಯನ್ನು ಹಿಡಿಯಬಲ್ಲದು. ಆದುದರಿಂದ ಭೂಮಿ ಬಿಸಿಯಾದಂತೆ, ಮಳೆ ಬಂದಾಗ ಭಾರಿಯಾಗಿ ಬರುವುದು. ಬಾರದಿದ್ದಾಗ ನೆಲವೂ ಕೆರೆಯೂ ಬೇಗನೆ ಒಣಗುವುವು.

ಚೆಂಬರಂಬಾಕ್ಕಂ ಕೆರೆಯ ಅಧಿಕಾರಿಗಳ ಇಕ್ಕಟ್ಟನ್ನು ಊಹಿಸಿರಿ. ಕುಡಿಯುವ ನೀರಿಗೆಂದು ಕೆರೆಯನ್ನು ತುಂಬಿಸಿಟ್ಟರೆ ಮಹಾಮಳೆಯಲ್ಲಿ ಬಾಗಿಲು ತೆರೆದು ನದಿಗೆ ಬಿಡಲೇಬೇಕು. 2015ರಲ್ಲಿ ಸೆಕೆಂಡಿಗೆ 29,000 ಘನ ಅಡಿಯವರೆಗೆ ಬಿಟ್ಟರು. ನೆರೆಗೆ ಹೆದರಿ ಮುಂಚೆಯೇ ಬರಿದುಮಾಡಿದರೆ, ಆ ಮೇಲೆ ಮಳೆ ಕೈಕೊಟ್ಟಲ್ಲಿ ಜನರು ಬಾಯಾರುವರು. ಒಂದು ದೊಡ್ಡ ಕೆರೆ ಈ ಎರಡು ಹೊರೆಗಳನ್ನೂ ಹೊರಲಾರದು. ಹಿಂದಿನವರು ಸರಪಳಿಯಂತೆ ಸಣ್ಣ ಕೆರೆಗಳನ್ನು ಕಟ್ಟಿದ್ದರು; ಮೇಲಿನ ಕೆರೆ ಕೋಡಿ ಬಿದ್ದರೆ ಆ ನೀರು ಕೆಳಗಿನ ಕೆರೆಗೆ ಸಲ್ಲುತ್ತಿತ್ತು. ನಗರವು ಅವುಗಳ ಮೇಲೆಯೇ ಬೆಳೆಯಿತು. 1920ರ ದಶಕದಲ್ಲಿ ಮಾಂಬಲದ ಉದ್ದನೆಯ ಕೆರೆಯನ್ನು ಬತ್ತಿಸಿ ತ್ಯಾಗರಾಯನಗರವನ್ನು ಕಟ್ಟಿದರು. ಪಶ್ಚಿಮ ಮಾಂಬಲದಲ್ಲಿ ಇಂದಿಗೂ 'ಲೇಕ್ ವ್ಯೂ ರೋಡ್' ಇದೆ. ನೋಡಲು ಲೇಕ್ ಮಾತ್ರ ಇಲ್ಲ! ಮಳೆನೀರನ್ನು ಹೀರುತ್ತಿದ್ದ ಪಳ್ಳಿಕರಣೈ ಜೌಗು ಕೂಡ ಕಟ್ಟಡಗಳಿಂದಲೂ ಕಸದಿಂದಲೂ ಕುಗ್ಗಿತು.

ಸಮುದ್ರದ ನೀರನ್ನು ಸಿಹಿಗೊಳಿಸುವ ಸ್ಥಾವರಗಳು ಅಲ್ಲಿವೆ. ಮೊದಲನೆಯದು 2010ರಲ್ಲಿ ಮಿಂಜೂರಿನಲ್ಲಿ ಆಯಿತು. ಅವು ಬರಕ್ಕೆ ಒದಗುವುವು, ನೆರೆಗೆ ಒದಗವು. ವಿದ್ಯುತ್ತಿನ ಖರ್ಚೂ ಬಹಳ. ನನ್ನ ಮಟ್ಟಿಗೆ 2003ರ ಕಾನೂನೇ ಮೇಲು. ಪ್ರತಿಯೊಂದು ಕಟ್ಟಡವೂ ತನ್ನ ಮಳೆನೀರನ್ನು ಹಿಡಿದಿಡಬೇಕೆಂದು ಅದು ವಿಧಿಸಿತು. ಆದರೆ ಕಾನೂನು ಇಂಗುಗುಂಡಿಯನ್ನು ತೋಡಿಸಬಲ್ಲದು. ವರ್ಷ ವರ್ಷವೂ ಅದರ ಹೂಳೆತ್ತುವವರು ಮನೆಯವರೇ.

ವಿದ್ಯಾರ್ಥಿಗಳೆ, 100 ಚದರ ಮೀಟರ್ ಛಾವಣಿಯ ಮೇಲೆ ಒಂದು ಸೆಂಟಿಮೀಟರ್ ಮಳೆ ಬಿದ್ದರೆ 1,000 ಲೀಟರ್ ನೀರು. ನಿಮ್ಮ ಮನೆಯ ಛಾವಣಿಯನ್ನು ತಂದೆತಾಯಿಯರೊಡನೆ ಅಳೆಯಿರಿ. ಆ ನೀರು ಎಲ್ಲಿಗೆ ಹೋಗುವುದೆಂದು ನೋಡಿರಿ. ಲೆಕ್ಕವನ್ನು ಬರೆದು ಸೋಮವಾರ ನನಗೆ ತೋರಿಸಿರಿ. ಏಳನೆಯ ತರಗತಿಯವರಿಗೆ ಇದೇ ಕ್ಷೇತ್ರಗಣಿತದ ಪಾಠ.