ಉಪಮುಖ್ಯಮಂತ್ರಿ ಯುವರಾಜನಲ್ಲ!

(ಬುಕ್ಕಸಾಗರದ ಸಭೆಯಲ್ಲಿ ಮಾಡಿದ ಭಾಷಣ)



ಇದು ಬುಕ್ಕನ ಹೆಸರು ಹೊತ್ತ ಊರು. ಅಣ್ಣ ಹರಿಹರ ಆಳುತ್ತಿರುವಾಗಲೇ ಬುಕ್ಕ ಯುವರಾಜನಾಗಿ ರಾಜ್ಯಭಾರಕ್ಕೆ ಹೆಗಲು ಕೊಟ್ಟಿದ್ದ. 1356ರಲ್ಲಿ ಅಣ್ಣನ ನಂತರ ಅವನೇ ಗದ್ದುಗೆ ಏರಿದ. ಆದರೆ 1404ರಲ್ಲಿ ಎರಡನೆಯ ಹರಿಹರ ತೀರಿಕೊಂಡಾಗ ಏನಾಯಿತು? ಮಕ್ಕಳು ಕಿತ್ತಾಡಿದರು. ವಿರೂಪಾಕ್ಷ, ಎರಡನೆಯ ಬುಕ್ಕ, ದೇವರಾಯ, ಹೀಗೆ ಎರಡೇ ವರ್ಷದಲ್ಲಿ ಮೂವರು ಸಿಂಹಾಸನ ಕಂಡರು!

ಅದು ಅರಸರ ಕಾಲ. ಈಗ ವಿಧಾನಸೌಧದಲ್ಲಿ ಉಪಮುಖ್ಯಮಂತ್ರಿ ಎಂಬ ಕುರ್ಚಿ ಹಾಕುತ್ತಾರಲ್ಲ, ಅದರಲ್ಲಿ ಕೂತವರೇ ಮುಂದಿನ ಮುಖ್ಯಮಂತ್ರಿ ಎಂದು ನಂಬಿದ್ದೀರಾ? ತಪ್ಪು. ಸಂವಿಧಾನದ 163, 164ನೇ ವಿಧಿಗಳನ್ನು ಓದಿ. ಅಲ್ಲಿ ಮುಖ್ಯಮಂತ್ರಿ ಇದ್ದಾರೆ, ಮಂತ್ರಿಗಳಿದ್ದಾರೆ. 'ಉಪ' ಎಂಬ ಮಾತೇ ಇಲ್ಲ. ಉಪಮುಖ್ಯಮಂತ್ರಿಯೂ ಮೊದಲಿಗೆ ಒಬ್ಬ ಮಂತ್ರಿ ಎಂದು 2024ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಮುಖ್ಯಮಂತ್ರಿ ರಾಜೀನಾಮೆ ಕೊಟ್ಟರೆ ಇಡೀ ಮಂತ್ರಿಮಂಡಲ ಹೋಗುತ್ತದೆ. 'ಉಪ'ವೂ ಹೋಗುತ್ತದೆ. ಶಾಸಕರ ಬಹುಮತ ಯಾರಿಗಿದೆಯೋ ಅವರನ್ನು ರಾಜ್ಯಪಾಲರು ಕರೆಯಬೇಕು. ನಿಯಮ ಇಷ್ಟೇ.

ನಮ್ಮ ನಾಡಿನ ಲೆಕ್ಕವನ್ನೇ ನೋಡಿ. 1996ರಲ್ಲಿ ದೇವೇಗೌಡರು ಪ್ರಧಾನಿಯಾದಾಗ ಉಪಮುಖ್ಯಮಂತ್ರಿ ಜೆ.ಹೆಚ್. ಪಟೇಲರಿಗೆ ಪಟ್ಟ ಬಂತು. ನಮ್ಮ ಹಡಗಲಿಯ ಎಂ.ಪಿ. ಪ್ರಕಾಶ್ 2005ರಲ್ಲಿ ಅದೇ ಕುರ್ಚಿಯಲ್ಲಿ ಕೂತರು. 2006ರಲ್ಲಿ ಸರ್ಕಾರವೇ ಉರುಳಿತು. ಆಮೇಲೆ 20 ತಿಂಗಳ ಒಪ್ಪಂದವಾಯಿತು. ಅವಧಿ ಮುಗಿದಾಗ, 2007ರ ಅಕ್ಟೋಬರಿನಲ್ಲಿ, ಮಾತು ಮುರಿಯಿತು. ನವೆಂಬರಿನಲ್ಲಿ ಯಡಿಯೂರಪ್ಪನವರಿಗೆ ಸಿಕ್ಕಿದ್ದು ಒಂದೇ ವಾರದ ಅಧಿಕಾರ. 2019ರಲ್ಲಿ ಒಬ್ಬರಲ್ಲ, ಮೂವರು ಉಪಮುಖ್ಯಮಂತ್ರಿಗಳು! 2021ರಲ್ಲಿ ಯಡಿಯೂರಪ್ಪ ಇಳಿದಾಗ ಮುಖ್ಯಮಂತ್ರಿಯಾದವರು ಬಸವರಾಜ ಬೊಮ್ಮಾಯಿ. ಆ ಮೂವರಲ್ಲಿ ಒಬ್ಬರೂ ಅಲ್ಲ.

ಹಾಗಾದರೆ ನಿರ್ಧರಿಸುವವರು ಯಾರು? 1990ರಲ್ಲಿ ವೀರೇಂದ್ರ ಪಾಟೀಲರನ್ನು ಇಳಿಸುವ ಮಾತು ಹೊರಬಿದ್ದದ್ದು ವಿಧಾನಸೌಧದಲ್ಲಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ, ದೆಹಲಿಯಿಂದ ಬಂದಿದ್ದ ಪಕ್ಷದ ಅಧ್ಯಕ್ಷರ ಬಾಯಿಂದ. ನಾವು ಓಟು ಹಾಕಿ ಕಳಿಸಿದ ಶಾಸಕರು ಸುದ್ದಿ ಕೇಳಿ ತಿಳಿದುಕೊಳ್ಳಬೇಕೇ?

ಬಂಧುಗಳೇ, ಯಾರು 'ಉಪ'ವಾದರೆ ನಮಗೇನು ಎಂದು ಸುಮ್ಮನಿರಬೇಡಿ. ಜಾತಿಗೊಬ್ಬ, ಬಣಕ್ಕೊಬ್ಬ ಉಪಮುಖ್ಯಮಂತ್ರಿ ಎಂದಾಗ ಚಪ್ಪಾಳೆ ತಟ್ಟಬೇಡಿ. ನಿಮ್ಮ ಶಾಸಕರು ಊರಿಗೆ ಬಂದಾಗ ಹಾರ ಹಾಕುವ ಮೊದಲು ಒಂದೇ ಪ್ರಶ್ನೆ ಕೇಳಿ: "ನಾಯಕನ ಆಯ್ಕೆಯಲ್ಲಿ ನೀವು ಕೈ ಎತ್ತಿದ್ದು ಯಾರಿಗೆ? ನಿಮ್ಮ ಮನಸ್ಸಿನಿಂದಲೋ, ದೆಹಲಿಯ ಚೀಟಿ ನೋಡಿಯೋ?"

ಬುಕ್ಕನನ್ನು ಆರಿಸುವ ಹಕ್ಕು ಅಂದಿನ ಪ್ರಜೆಗಳಿಗೆ ಇರಲಿಲ್ಲ. ನಮಗಿದೆ. ಅದನ್ನು ಬಿಟ್ಟುಕೊಡಬೇಡಿ.

ಸಿರಿಗನ್ನಡಂ ಗೆಲ್ಗೆ!