ಗಾಡಿ ಕೊಳ್ಳುವ ಮುನ್ನ ಲೆಕ್ಕ ಹಾಕಿ



ಮೋಟಾರ್ ಸೈಕಲ್ ಈಗ ಷೋಕಿಯಲ್ಲ. ಡೈರಿಗೆ ಹಾಲು, ಹೊಲಕ್ಕೆ ಗೊಬ್ಬರ ಸಾಗಿಸಲು ಬೇಕೇ ಬೇಕು. ಆದರೆ ನಗದೋ ಕಂತೋ ಎಂಬುದನ್ನು ತೀರ್ಮಾನಿಸಬೇಕಾದವರು ನೀವು, ಅಂಗಡಿಯವನಲ್ಲ.

'ಬರೀ ಹತ್ತು ಪರ್ಸೆಂಟ್ ಫ್ಲಾಟ್ ಬಡ್ಡಿ' ಅಂತಾರೆ. 80,000 ರೂಪಾಯಿ ಸಾಲ, 3 ವರ್ಷ ಅನ್ನಿ. ಬಡ್ಡಿ 24,000, ತಿಂಗಳ ಕಂತು ಸುಮಾರು 2,890. ತಿಂಗಳು ತಿಂಗಳೂ ನೀವು ಅಸಲು ತೀರಿಸುತ್ತಾ ಬಂದರೂ ಬಡ್ಡಿ ಮಾತ್ರ ಕೊನೆಯವರೆಗೂ ಪೂರಾ 80,000ದ ಮೇಲೆಯೇ! ಉಳಿದ ಅಸಲಿಗೆ ಲೆಕ್ಕ ಹಾಕಿದರೆ ಅದು ಶೇ. 18ರ ಹತ್ತಿರ ಬೀಳುತ್ತದೆ.

ಸಂಬಳದವನಿಗೆ ತಿಂಗಳಿಗೊಮ್ಮೆ ದುಡ್ಡು, ನಮಗೆ ಸುಗ್ಗಿಗೊಮ್ಮೆ. ಕಂತು ಮಳೆ ಬೆಳೆ ನೋಡಲ್ಲ. ತಪ್ಪಿದರೆ ದಂಡ, ಕೊನೆಗೆ ಗಾಡಿಯೇ ಹೋಗುತ್ತೆ.

ಹಾಗಂತ ಬೀಜ ಗೊಬ್ಬರದ ದುಡ್ಡು ಸುರಿದು ನಗದು ಕೊಟ್ಟು, ಆಮೇಲೆ ನೂರಕ್ಕೆ ತಿಂಗಳಿಗೆ ಮೂರು ರೂಪಾಯಿಯಂತೆ ಕೈಸಾಲ ತಂದರೆ? ಅದು ವರ್ಷಕ್ಕೆ ಶೇ. 36! ಮುಂದಿನ ಬೆಳೆಯ ಖರ್ಚು ತೆಗೆದಿಟ್ಟು ಮಿಕ್ಕಿದ್ದರೆ ಮಾತ್ರ ನಗದು. ಕಡಿಮೆ ಬಿದ್ದರೆ ಹೆಚ್ಚು ಮುಂಗಡ ಕಟ್ಟಿ, ಸಣ್ಣ ಸಾಲ ಮಾಡಿ, ಬೇಗ ತೀರಿಸಿ. ಇಲ್ಲವೇ ಹಳೇ ಗಾಡಿ ನೋಡಿ.

ರಿಸರ್ವ್ ಬ್ಯಾಂಕಿನ ನಿಯಮದಂತೆ 2024ರ ಅಕ್ಟೋಬರ್‌ನಿಂದ ಬ್ಯಾಂಕು, ಫೈನಾನ್ಸ್ ಕಂಪನಿಗಳು ಎಲ್ಲ ಖರ್ಚೂ ಸೇರಿದ ವಾರ್ಷಿಕ ದರವನ್ನು ಬರೆದುಕೊಡಲೇಬೇಕು. ಕೇಳಿ ಪಡೆಯಿರಿ, ಓದಿ, ಆಮೇಲೆ ರುಜು ಹಾಕಿ. ಸಾಲ ತೀರಿದ ಮೇಲೆ ನಿರಾಕ್ಷೇಪಣಾ ಪತ್ರ ಪಡೆದು ಆರ್.ಸಿ.ಯಿಂದ ಅವರ ಹೆಸರು ತೆಗೆಸಿ.

ಬೆಳೆಯ ಬೆಲೆ ಇನ್ನೂ ನಮ್ಮ ಕೈಲಿಲ್ಲ. ಸಾಲದ ಪತ್ರಕ್ಕೆ ಹಾಕುವ ರುಜು ನಮ್ಮ ಕೈಲೇ ಇದೆ.